ಟಿಕ್ ಹಾಕದ ಸಾಲು

ಹೊಳೆ ಏರಿದ ಆ ಮಧ್ಯಾಹ್ನ ನಾನು ನಿಂತಿದ್ದು ಹಾಲಿನ ಸೊಸೈಟಿ ಕಟ್ಟಡದ ಕಟ್ಟೆಯ ಮೇಲೆ, ತೆರೆದ ಬಾಗಿಲಿನ ಎಡಮಗ್ಗುಲಿಗೆ. ಶ್ರಾವಣ ಮಾಸ. ಊಟ ಮುಗಿಸಿದ ಜನ ಮತ್ತೆ ಹೊಲಕ್ಕೆ ಹೋಗಿದ್ದರು. ಗದಗ ಬೇರೆ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಊರು ಮುಂಡರಗಿ ತಾಲ್ಲೂಕಿನದು, ತುಂಗಭದ್ರೆಯ ದಂಡೆಯದು, ಕೊರ್ಲಹಳ್ಳಿಯಿಂದ ಬಹಳ ದೂರವಿಲ್ಲ. ಅದರ ಹೆಸರು ಬರೆಯುವುದಿಲ್ಲ. ನಾನು ಅಲ್ಲಿಯ ಪಶು ಆಸ್ಪತ್ರೆಯಲ್ಲಿ ಪರೀಕ್ಷಕನಾಗಿದ್ದೆ; ಜನ 'ದನದ ಡಾಕ್ಟರು' ಎನ್ನುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ. ಸೊಸೈಟಿಯ ಅಧ್ಯಕ್ಷರ ಎತ್ತಿಗೆ ಕಾಲುಬೇನೆಯಾಗಿತ್ತು. ಅದರ ಗೊರಸಿಗೆ ಔಷಧಿ ಹಚ್ಚಿ, ಕೈ ಒರೆಸಿಕೊಳ್ಳುತ್ತ ಬಾಗಿಲ ಬಳಿ ನಿಂತಿದ್ದೆ. ಒಳಗೆ ಅಧ್ಯಕ್ಷರು ಕುರ್ಚಿಯಲ್ಲಿದ್ದರು. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮೂಲೆಯ ಮೇಜಿನ ಮೇಲಿನ ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು, ಪರದೆಯಲ್ಲಿ ಒಂದು ಸಾಲು ಹಸಿರಾಗಿತ್ತು. ಮಾಳಿಗೆಯ ಮೇಲಿನ ಮೈಕು ಸುಮ್ಮನಿತ್ತು.

ಇಷ್ಟನ್ನು ನಾನು ಕಣ್ಣಾರೆ ಕಂಡೆ. ಇದಕ್ಕಿಂತ ಹೆಚ್ಚು ಹೇಳಬೇಕಾದಲ್ಲಿ, ಯಾರಿಂದ ಕೇಳಿದ್ದು ಎಂಬುದನ್ನೂ ಹೇಳುತ್ತೇನೆ.

ಆ ಕಂಪ್ಯೂಟರನ್ನು ನಡೆಸುತ್ತಿದ್ದವರು ಹೋದ ತಿಂಗಳು ತೀರಿಕೊಂಡರು. ಲಕ್ಷ್ಮೇಶ್ವರಕ್ಕೆ ಅವರ ಮಣ್ಣಿಗೆ ಹೋಗಿದ್ದೆ. ಕಬರಸ್ತಾನದ ಹೊರಗೆ ಬೇವಿನ ನೆರಳಿನಲ್ಲಿ ಆ ಹೊಳೆದಂಡೆಯ ಊರಿನಿಂದ ಬಂದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಒಬ್ಬ, "ಪಾಪ, ಸುಳ್ಳ ಸುಳ್ಳ ತಮ್ಮ ಮ್ಯಾಲ ಹಾಕ್ಕೊಂಡ್ರು. ಮೈಕ್ ಹೇಳಿತ್ತು, ಫಕ್ಕೀರಪ್ಪ ಕೇಳಲಿಲ್ಲ" ಎಂದ. ಇನ್ನೊಬ್ಬ, "ಇಲ್ಲಲೇ, ಅವತ್ತ ಕರೆಂಟ್ ಹೋಗಿತ್ತು" ಎಂದ. ಇಬ್ಬರೂ ಸತ್ತವರ ಮೇಲಿನ ಪ್ರೀತಿಯಿಂದಲೇ ಆಡಿದ ಮಾತು. ಎರಡೂ ಖರೆಯಲ್ಲ. ನಾನು ಅಲ್ಲೇ ಹೇಳಿದೆ. ಆ ಇಬ್ಬರೂ, ಮಣ್ಣಿನ ಹೊತ್ತಿನಲ್ಲಿ ವಾದ ಯಾಕೆಂದು ತಲೆದೂಗಿ ಬೇರೆ ಮಾತಿಗೆ ಹೊರಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಊರೆಲ್ಲ ಅವರನ್ನು ಮಾಸ್ತರ್ ಎನ್ನುತ್ತಿತ್ತು. ಯಾವ ಶಾಲೆಯಲ್ಲೂ ಅವರು ಕಲಿಸಿದವರಲ್ಲ. ಗದಗ-ಬೆಟಗೇರಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕೆಲವು ಕಾಲ ಟೈಪಿಂಗ್ ಹೇಳಿಕೊಟ್ಟಿದ್ದರು, ಆ ಹೆಸರು ಬೆನ್ನು ಹತ್ತಿ ಬಂದಿತ್ತು. ಸೊಸೈಟಿಗೆ ಕಂಪ್ಯೂಟರ್ ಬಂದಾಗ ಅದರ ಹಿಂದೆಯೇ ಇವರೂ ಬಂದರು. ತೆಳ್ಳಗಿನ ಆಳು. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಹವಾಯಿ ಚಪ್ಪಲಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ರೇಡಿಯೊ ಹಚ್ಚಿದ್ದಾಗ ಅವರ ಬಲಗೈಯ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಉದ್ಘೋಷಕರು ಮಾತು ಶುರು ಮಾಡುವ ಮುಂಚೆ ಸಣ್ಣದೊಂದು ಉಸಿರು ಕೇಳುತ್ತದಲ್ಲ, ಆ ಉಸಿರಿಗೆ ಏಳುವ ಬೆರಳು ಅದು. "ನೋಡ್ರಿ, ಬಾಯಿ ತೆರದ್ರು" ಎನ್ನುವರು. ಆಗ ಮಾತು ಬರುತ್ತಿತ್ತು.

ಅವರ ಮನೆತನ ಲಕ್ಷ್ಮೇಶ್ವರದ ಕಾಳು-ಕಡಿ ವ್ಯಾಪಾರದ್ದು. ತಂದೆ ಅಡತಿ ಅಂಗಡಿಯಲ್ಲಿ ರೇಡಿಯೊದ ಪೇಟೆ ಧಾರಣೆ ಕೇಳಿ ಮರುದಿನದ ಮಾತು ನಿಶ್ಚಯಿಸುವವರು. ಧಾರಣೆ ಒಂದು ದಿನ ಬೇಗ, ಒಂದು ದಿನ ತಡ. ತಪ್ಪಿಹೋದೀತೆಂದು ಅವರು ಇಳಿಹೊತ್ತೆಲ್ಲ ರೇಡಿಯೊ ಬಿಟ್ಟು ಏಳುತ್ತಿರಲಿಲ್ಲವಂತೆ.

"ನಮ್ಮ ಅಬ್ಬಾ ಅರ್ಧಾ ಆಯುಷ್ಯ ಡಬ್ಬಿ ಮುಂದ ಕುಂತು ಕಳದ್ರು ಡಾಕ್ಟರ್ರ" ಎಂದು ಒಮ್ಮೆ ಹೇಳಿದ್ದರು. "ಮಗಳ ಮದವಿ ಮಾತು ನಡದಿದ್ರೂ 'ತಡೀರಿ, ಧಾರಣಿ ಆಗಲಿ' ಅನ್ನವ್ರು. ಬೀಗರು ಚಾ ಕುಡದು ಎದ್ದು ಹೋಗ್ಯಾರ. ಬೇಕಾದ್ದು ಬರೂ ಮುಂದ ಮನಷ್ಯಾನ್ನ ಎಬ್ಬಸಬೇಕು. ಉಳಿದ ಹೊತ್ನ್ಯಾಗ ಅವನ್ನ ಸುಮ್ಮನ ಬಿಡಬೇಕು. ಇಷ್ಟ ನನ್ನ ಸಾಫ್ಟ್‌ವೇರು."

ಆ ಸಾಫ್ಟ್‌ವೇರಿಗೆ ಅವರು ಇಟ್ಟ ಹೆಸರು 'ಸರದಿ'. ತಾವೇ ಕೂತು ಬರೆದದ್ದು. ಪರದೆಯ ಮೇಲೆ ಒಂದು ಪಟ್ಟಿ: ಎಡಕ್ಕೆ ನಿಲಯ, ನಡುವೆ ಹೊತ್ತು, ಬಲಕ್ಕೆ ಕಾರ್ಯಕ್ರಮ. ಮುಗಿದದ್ದು ಬೂದು ಬಣ್ಣ, ಬರಲಿರುವುದು ಹಳದಿ, ಈಗ ನಡೆದಿರುವುದು ಹಸಿರು. ಬೇಕಾದ ಸಾಲನ್ನು ಒತ್ತಿದರೆ ಅದು ಕೇಳಿಸಬೇಕು. ಎಫ್‌ಎಂ ಹಿಡಿಯಲು ಕಂಪ್ಯೂಟರಿನ ಹೊಟ್ಟೆಯಲ್ಲೇ ಒಂದು ಕಾರ್ಡು ಕೂಡಿಸಿದ್ದರು. ಧಾರವಾಡ ನಿಲಯ ಅದರಲ್ಲಿ ಬರುತ್ತಿರಲಿಲ್ಲ. ಅದಕ್ಕಾಗಿ ಪಕ್ಕದಲ್ಲೊಂದು ಹಳೆಯ ಟ್ರಾನ್ಸಿಸ್ಟರ್ ಇಟ್ಟು, ಒಂದು ಸಣ್ಣ ಪೆಟ್ಟಿಗೆಯ ಮೂಲಕ ತಂತಿ ಎಳೆದಿದ್ದರು. ಹೊತ್ತಾದ ಕೂಡಲೇ ಪೆಟ್ಟಿಗೆಯಲ್ಲಿ ಟಕ್ಕೆಂದು ಸಪ್ಪಳವಾಗಿ ಟ್ರಾನ್ಸಿಸ್ಟರ್ ತಾನೇ ಹತ್ತುವುದು, ಕಾರ್ಯಕ್ರಮ ಮುಗಿದ ಮೇಲೆ ತಾನೇ ಆರುವುದು. ಮುಂಜಾನೆ ನಿಲಯದವರು ಆ ದಿನದ ಕಾರ್ಯಕ್ರಮಗಳನ್ನು ಓದಿ ಹೇಳುತ್ತಾರಲ್ಲ, ಆಗ ಮಾಸ್ತರರು ಕೇಳುತ್ತ ಕೇಳುತ್ತ ಟೈಪು ಮಾಡಿ ಪಟ್ಟಿಯನ್ನು ತಿದ್ದುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸಬಾರದು.

ಮೊದಮೊದಲು ಅದು ಅವರ ಸ್ವಂತದ ಹುಚ್ಚಾಗಿತ್ತು. ಒಂದು ದಿನ ಅಧ್ಯಕ್ಷರು, "ಮಾಸ್ತರ್ರ, ನೀವೊಬ್ರ ಕೇಳಿ ಏನ್ ಮಾಡತೀರಿ, ಊರಿಗೆ ಕೇಳ್ಲಿ" ಎಂದು ಮಾಳಿಗೆಯ ಮೇಲೆ ಮೈಕು ಕಟ್ಟಿಸಿದರು. ರೈತರ ಕಾರ್ಯಕ್ರಮ, ಸುದ್ದಿ, ಹವಾಮಾನ, ಪೇಟೆ ಧಾರಣೆ ಊರಿಗೆಲ್ಲ ಕೇಳತೊಡಗಿತು. ಊರಿಗೆ ಕೇಳಿಸಬೇಕಾದ ಸಾಲಿನ ಮುಂದೆ ಮಾಸ್ತರರು ಒಂದು ಟಿಕ್ ಹಾಕುವರು. ಟಿಕ್ ಇದ್ದರೆ ರೇಡಿಯೊ ಹತ್ತಿ ಮೈಕು ಮಾತಾಡುತ್ತದೆ. ಇಲ್ಲದಿದ್ದರೆ ಎರಡೂ ಸುಮ್ಮನಿರುತ್ತವೆ. ಸಿನಿಮಾ ಹಾಡಿಗೆ ಟಿಕ್ ಬೇಡವೆಂದು ಊರ ಹಿರಿಯರು ಕೂತು ತೀರ್ಮಾನಿಸಿದರು. ಕೆಲಸದ ಹೊತ್ತಿನಲ್ಲಿ ಹಾಡು ಕೇಳಿದರೆ ಆಳುಗಳ ಕೈ ನಿಲ್ಲುತ್ತದೆ ಎಂಬುದು ಅವರ ವಾದ.

ಮಾಸ್ತರರನ್ನು ಛೇಡಿಸುವುದು ಊರಿಗೆ ಒಂದು ಆಟ. ಹಾಲು ಹಾಕಲು ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಹೀಗೆ ಅಂದದ್ದು ನಾನೇ ಕೇಳಿದ್ದೇನೆ:

"ಮಾಸ್ತರ್ರ, ನಮ್ಮನಿಯವ್ರು ಉಣ್ಣಾಕ ಬರೂ ಹೊತ್ತನ್ನೂ ಅದ್ರಾಗ ಹಾಕ್ರೆಲ. ರೊಟ್ಟಿ ಬಿಸಿ ಇರೂ ಮುಂದ ಒಂದ್ ದಿನ ಬಂದಿಲ್ಲ."

"ಮುಂಜಾನಿ ಎದ್ದು ಅವರ ಇಂದಿನ ಕಾರ್ಯಕ್ರಮ ಓದಿ ಹೇಳಿದ್ರ ಹಾಕತೀನವ್ವಾ."

"ಅವರ ಬಾಯಾಗ ಖರೆ ಹೊತ್ತು ಬಂದ್ರ ನಾ ಯಾಕ ನಿಮ್ಮ ಕಂಪ್ಯೂಟರ್ ಕೇಳ್ಲಿ?"

ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಇನ್ನು ಹೊಳೆಯ ವಿಷಯ. ಹೊಲಗಳಿಗೆ ನೀರೆತ್ತುವ ಆ ಊರಿನ ಮೋಟಾರುಗಳೆಲ್ಲ ಹೊಳೆಯ ದಂಡೆಯ ಇಳಿಜಾರಿನಲ್ಲಿ ಇರುತ್ತವೆ. ನೀರು ಇಳಿದಂತೆ ಮೋಟಾರನ್ನು ಕೆಳಗೆ ಸರಿಸಬೇಕು, ಏರಿದಂತೆ ಹಗ್ಗ ಹಾಕಿ ಮೇಲೆ ಎಳೆಯಬೇಕು. ಹೊಳೆ ಏರಲು ಊರಲ್ಲಿ ಮಳೆಯಾಗಬೇಕೆಂದಿಲ್ಲ. ಮಳೆ ಬೀಳುವುದು ಎಲ್ಲೋ ಮೇಲೆ, ಮಲೆನಾಡಿನಲ್ಲಿ. ಅಲ್ಲಿಯ ಜಲಾಶಯ ತುಂಬಿ ನೀರು ಬಿಟ್ಟರೆ ಇಲ್ಲಿ ಬಿಸಿಲಲ್ಲೇ ಪ್ರವಾಹ ಬರುತ್ತದೆ. ಹಾಗೆ ನೀರು ಬಿಡುವ ಮುಂಚೆ ರೇಡಿಯೊದಲ್ಲಿ ಪ್ರಕಟಣೆ ಬರುತ್ತಿತ್ತು. ಮೈಕು ಬರುವ ಮೊದಲು, ದಂಡೆಯ ಹೊಲಗಳಲ್ಲಿ ಯಾರದಾದರೂ ಒಂದು ರೇಡಿಯೊ ಜಾಲಿಯ ಟೊಂಗೆಗೆ ಜೋತುಬಿದ್ದು ದಿನವಿಡೀ ಒದರುತ್ತಿತ್ತು. ಪ್ರಕಟಣೆ ಕೇಳಿದವನು "ಹೊಳಿ ಬಂತೋ" ಎಂದು ಕೂಗಬೇಕು. ಮುಂದಿನ ಹೊಲದವನು ಅದನ್ನು ಅದರ ಮುಂದಿನವನಿಗೆ ಮುಟ್ಟಿಸಬೇಕು. ಊರಿನ ಕಟ್ಟುಪಾಡು ಅದು. ಹಗೆ ಇದ್ದವರ ಹೊಲಕ್ಕೂ ಕೂಗು ದಾಟಲೇಬೇಕು.

ಹಾಗೆ ಕೂಗುವವರಲ್ಲಿ ದೊಡ್ಡ ದನಿಯವನು ಫಕ್ಕೀರಪ್ಪ. ಮೂವತ್ತರ ಆಸುಪಾಸಿನ ರೈತ, ಕುಸ್ತಿ ಆಡಿದ ಮೈ. ಅವನ ಟ್ರಾನ್ಸಿಸ್ಟರು ಚರ್ಮದ ಚೀಲದಲ್ಲಿ ಸದಾ ಹೊಲದಲ್ಲೇ ಇರುತ್ತಿತ್ತು. ಮೈಕು ಬಂದ ಮೇಲೆ ಒಂದೊಂದಾಗಿ ಊರಿನ ರೇಡಿಯೊಗಳು ಗೋಡೆಯ ಮಾಡು ಸೇರಿದವು. ಸೆಲ್ಲು ತರುವುದನ್ನು ಜನ ಬಿಟ್ಟರು. ಮೊದಲಿನ ಟ್ರಾನ್ಸಿಸ್ಟರು ಕೆಟ್ಟು, ಧಾರವಾಡ ಹಿಡಿಯಲು ಬೇರೆ ಒಳ್ಳೆಯ ರೇಡಿಯೊ ಬೇಕೆಂದು ಮಾಸ್ತರರು ಹುಡುಕುತ್ತಿದ್ದಾಗ ಫಕ್ಕೀರಪ್ಪ ತನ್ನದನ್ನು ತಂದು ಮೇಜಿನ ಮೇಲಿಟ್ಟ. ಆಗಲೂ ನಾನಿದ್ದೆ.

"ತಗೋರಿ ಮಾಸ್ತರ್ರ. ಮೈಕ್ ಇರೂ ಮುಂದ ನನಗ್ಯಾಕ?"

"ಹೊಲದಾಗ ಬ್ಯಾಸರಾಗೂದಿಲ್ಲೇನೋ?"

"ಬ್ಯಾಸರಾದ್ರ ನಾನ ಹಾಡತೀನ್ರಿ. ಎತ್ತು ಬೆದರತಾವು, ಅಷ್ಟ."

ಅಂದಿನಿಂದ ಕಂಪ್ಯೂಟರಿನ ಪಕ್ಕದಲ್ಲಿದ್ದದ್ದು ಅವನ ಟ್ರಾನ್ಸಿಸ್ಟರೇ.

ಪಂಪ್‌ಸೆಟ್ ರಿಪೇರಿ ಮಾಡುವ ಹುಸೇನಸಾಬ ಒಂದು ದಿನ ಸೊಸೈಟಿ ಕಟ್ಟೆಗೆ ಕೂತು ಕೇಳಿದ: "ಮಾಸ್ತರ್ರ, ಹೊಳಿ ನಿಮ್ಮ ಪಟ್ಟಿ ನೋಡಿ ಬರ್ತೈತೇನ್ರಿ?" ಎಲ್ಲರೂ ನಕ್ಕರು, ಹುಸೇನಸಾಬನೂ ನಗಿಸಲೆಂದೇ ಅಂದದ್ದು. ಮಾಸ್ತರರು ನಗಲಿಲ್ಲ. "ಅದು ನನ್ನ ತಲ್ಯಾಗೈತಿ ತಡಿ" ಎಂದರು.

ಖರೆಯಾಗಿಯೂ ಅವರ ತಲೆಯಲ್ಲಿತ್ತು. ಅದಾದ ಮೇಲೆ ಕೆಲವು ವಾರ ಅವರು ಸರದಿಗೆ ಹೊಸದೊಂದು ಕೆಲಸ ಕಲಿಸಲು ಹೆಣಗಿದರು. ರೇಡಿಯೊ ದಿನವಿಡೀ ಒಳಗೊಳಗೇ ಹತ್ತಿರಬೇಕು. ಹಾಡು ನಡೆದಿರುವಾಗ ನಡುವೆ ಮಾತು ಬಂದರೆ, ಅದು ಪ್ರಕಟಣೆ ಇರಬಹುದೆಂದು ಯಂತ್ರ ತಿಳಿದು ಮೈಕು ತೆರೆಯಬೇಕು. ಯಂತ್ರಕ್ಕೆ ಹಾಡಿನ ದನಿ, ಮಾತಿನ ದನಿ ಬೇರೆ ಎಂದು ತಿಳಿಯುತ್ತಿರಲಿಲ್ಲ. ಹಾಡಿನ ನಡುವೆ ನಾಯಕ ನಕ್ಕರೂ ಮೈಕು ತೆರೆದುಕೊಳ್ಳುವುದು. ಒಂದು ದಿನ ಮಟಮಟ ಮಧ್ಯಾಹ್ನ, ಊರಿನ ಹಿರಿಯರೊಬ್ಬರ ತಿಥಿಯ ಊಟದ ಹೊತ್ತಿಗೆ, ಅರ್ಧ ಪ್ರೇಮಗೀತೆ ಊರ ಮೇಲೆ ಮೊಳಗಿತು. ಸಂಜೆ ಅಧ್ಯಕ್ಷರು, "ಮಾಸ್ತರ್ರ, ಆ ಹೊಸಾದು ಏನೈತಿ ತಗೀರಿ. ಇದ್ದದ್ದ ಭೇಷ್ ಐತಿ" ಎಂದರು. ಮಾಸ್ತರರು ತೆಗೆದರು. "ಇನ್ನೊಂದೀಟು ತಿದ್ದಿ ಮತ್ತ ಹಾಕತೀನಿ" ಎಂದು ನನಗೆ ಹೇಳಿದರು. ಹಾಕುವ ಮೊದಲೇ ಶ್ರಾವಣ ಬಂತು.

ಊರಲ್ಲಿ ಅಷ್ಟರೊಳಗೆ ಬೇರೊಂದು ರೂಢಿ ಬೇರೂರಿತ್ತು. ಮೈಕು ಮಾತಾಡಿದಾಗ ಕೇಳುವುದಂತೂ ಸರಿ. ಮೈಕು ಸುಮ್ಮನಿದ್ದರೆ ಹೊಳೆಯೂ ಸುಮ್ಮನಿದೆ ಎಂದು ಜನ ತಿಳಿಯತೊಡಗಿದ್ದರು. ಹಾಗೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಬಾಯಿಬಿಟ್ಟು ಅಂದದ್ದೂ ಇಲ್ಲ. ಆದರೆ ಮೋಟಾರಿಗೆ ಇಳಿಯುವ ಮುಂಚೆ ಮಾಳಿಗೆಯ ಕಡೆ ಒಮ್ಮೆ ಕಿವಿಗೊಟ್ಟು, ಏನೂ ಇಲ್ಲವೆಂದು ಇಳಿಯುವವರನ್ನು ನಾನು ನೋಡಿದ್ದೇನೆ.

ಆ ದಿನ ಮಾಸ್ತರರು ಊರಲ್ಲಿರಲಿಲ್ಲ. ಪ್ರಿಂಟರಿಗೆ ರಿಬ್ಬನ್ ತರಲು ಮುಂಡರಗಿಗೆ ಹೋಗಿದ್ದರು. ಇದಿಷ್ಟು ಅವರೇ ನನಗೆ ಆಮೇಲೆ ಹೇಳಿದ್ದು: ಬಸ್ ಸ್ಟ್ಯಾಂಡಿನ ಎದುರಿನ ಚಹಾ ಅಂಗಡಿಯಲ್ಲಿ ಕೂತಿದ್ದರಂತೆ. ಅಂಗಡಿಯ ರೇಡಿಯೊದಲ್ಲಿ ಹಾಡು ನಿಂತಿತು. ಉಸಿರು ಕೇಳಿತು. ನದಿಗೆ ಬಹಳ ನೀರು ಬಿಡಲಾಗಿದೆ, ದಂಡೆಯ ಜನ ಎತ್ತರಕ್ಕೆ ಹೋಗಬೇಕು ಎಂದರು. ಅದಾಗಲೇ ಎರಡನೆಯ ಸಲ ಓದುತ್ತಿದ್ದರು. ಚಹಾ ಅಂಗಡಿಯವನು, ಆಗಲೇ ಒಮ್ಮೆ ಹೇಳಿದ್ದರಲ್ಲ ಎಂದನಂತೆ. ಮಾಸ್ತರರಿಗೆ ಪರದೆಯ ಮೇಲಿನ ಆ ಸಾಲು ಕಣ್ಣಿಗೆ ಕಟ್ಟಿತು: ಸಿನಿಮಾ ಹಾಡು, ಮುಂದೆ ಟಿಕ್ ಇಲ್ಲ. ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದರು. ಊರಿನ ಲೈನು ಹತ್ತಲಿಲ್ಲ. ಸಿಕ್ಕ ಟಂಟಂ ಆಟೋ ಹಿಡಿದರು.

ನಾನು ಕಂಡದ್ದು ಮುಂದಿನದು. ಟಂಟಂ ಸೊಸೈಟಿಯ ಮುಂದೆ ನಿಲ್ಲುವ ಮೊದಲೇ ಅವರು ಹಾರಿದರು. ನನ್ನನ್ನು ನೋಡಲಿಲ್ಲ. ಒಳಗೂ ಹೋಗಲಿಲ್ಲ; ಮಾಳಿಗೆಯ ಮೈಕು ರೇಡಿಯೊ ಕೇಳಿಸುವುದಷ್ಟೇ, ಅದರಲ್ಲಿ ಮಾತಾಡಲು ಬರುತ್ತಿರಲಿಲ್ಲ. ಹೊಳೆಯ ದಾರಿ ಹಿಡಿದು ಓಡಿದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. "ಮ್ಯಾಲ ಬರ್ರೋ, ಮ್ಯಾಲ ಬರ್ರಿ" ಎಂದು ಕೂಗುತ್ತಿದ್ದರು. ಅವರದು ಕೂಗುವ ದನಿಯಲ್ಲ, ಒಡೆದುಹೋಗುತ್ತಿತ್ತು. ನಾನು ಹಿಂದೆ ಓಡಿದೆ. ದಂಡೆಗೆ ಬಂದಾಗ ನೀರಿನ ಬಣ್ಣ ಬದಲಾಗಿತ್ತು. ಬಿಸಿಲು ಹೊಡೆಯುತ್ತಿತ್ತು, ಹೊಳೆ ಮಾತ್ರ ರಾಡಿಯಾಗಿ, ಬೇರುಸಹಿತ ಗಿಡಗಳನ್ನು ಹೊತ್ತು ಹೋಗುತ್ತಿತ್ತು. ಹುಸೇನಸಾಬ ದಂಡೆಯ ಮೇಲೆ ಬಿದ್ದು ನೀರು ಕಾರುತ್ತಿದ್ದ. ಇಬ್ಬರು ಅವನನ್ನು ಹಗ್ಗದಿಂದ ಎಳೆದು ಹಾಕಿದ್ದರು. ಅವನೂ ಫಕ್ಕೀರಪ್ಪನೂ ಕೂಡಿ ಪೈಪಿನ ಬಾಯಿಗೆ ಸಿಕ್ಕ ಕೆಸರು ತೆಗೆಯಲು ಇಳಿದಿದ್ದರಂತೆ. ನೀರು ಏರಿದ ಮೇಲೆ ಮೋಟಾರಿಗೆ ಹಗ್ಗ ಹಾಕುತ್ತಿದ್ದಾಗ ಕಾಲ ಕೆಳಗಿನ ಮಣ್ಣು ಕುಸಿಯಿತಂತೆ. ಫಕ್ಕೀರಪ್ಪ ಎಲ್ಲಿ ಎಂದು ಮಾಸ್ತರರು ಕೇಳಿದರು. ಹುಸೇನಸಾಬ ಕೈ ಎತ್ತಿ ಕೆಳಹೊಳೆಯ ಕಡೆ ತೋರಿಸಿದ.

ಮಾಸ್ತರರು ಅಲ್ಲೇ ನಿಂತರು. ಕತ್ತಲಾಗುವ ತನಕ ನಿಂತರು. ಕೆಳಗಿನ ಊರಿನವರು ಹೆಣ ಸಿಕ್ಕಿತೆಂದು ಹೇಳಿಕಳಿಸಿದ್ದು ನೀರು ಇಳಿದ ಮೇಲೆ.

ಮಣ್ಣಾದ ಮರುದಿನದಿಂದ ಊರಲ್ಲಿ ಒಂದು ಮಾತು ಹರಡಿತು. ಮೈಕು ಹೇಳಿತ್ತು, ಫಕ್ಕೀರಪ್ಪ ಮೋಟಾರಿನ ಆಸೆಗೆ ಕೇಳದೆ ಇಳಿದ ಎಂದು. ಯಾರು ಶುರು ಮಾಡಿದರೋ ಗೊತ್ತಿಲ್ಲ. ತಾಲ್ಲೂಕಿನಿಂದ ವಿಚಾರಣೆಗೆ ಬರುತ್ತಾರೆ, ಊರಿಗೆ ಕೆಟ್ಟ ಹೆಸರು ಬರುತ್ತದೆ ಎಂಬ ಹೆದರಿಕೆ ಕೆಲವರಿಗೆ. ಮಾಸ್ತರರನ್ನು ಉಳಿಸಬೇಕೆಂಬ ಕಕ್ಕುಲಾತಿ ಕೆಲವರಿಗೆ. ಮುಂಡರಗಿಯಿಂದ ಬಂದವರ ಬಾಯಲ್ಲಿ ಪ್ರಕಟಣೆಯ ಸುದ್ದಿ ಕೇಳಿ, ತಾವೇ ಮೈಕಿನಲ್ಲಿ ಕೇಳಿದೆವೆಂದು ನಿಜವಾಗಿ ನಂಬಿದವರೂ ಇದ್ದರು. ನಾಲ್ಕು ದಿನ ಹೋದರೆ ಆ ಮಾತು ಖರೆಯಾಗಿಯೇ ಬಿಡುತ್ತಿತ್ತು.

ಅದು ಫಕ್ಕೀರಪ್ಪನ ಹೆಂಡತಿ ನೀಲವ್ವನನ್ನು ಮುಟ್ಟಿತು. ಅವರ ಎಮ್ಮೆಯನ್ನು ನೋಡಲು ಹೋದಾಗ ಅವಳು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿದ್ದಳು. ಕಣ್ಣುಗಳು ಒಣಗಿದ್ದವು. ಸುತ್ತ ಕೂತ ಹೆಂಗಸರು ಅಳುತ್ತಿದ್ದರು, ಅವಳು ಅಳುತ್ತಿರಲಿಲ್ಲ.

"ಊರಿಗೆಲ್ಲ ಕೇಳ್ತಂತ, ಅವಗ ಒಬ್ಬಗ ಕಿವಿ ಇದ್ದಿಲ್ಲೇನ್ರಿ ಡಾಕ್ಟರ್ರ?" ಎಂದಳು. "ಮೋಟಾರ್ ಹೋದ್ರ ಬ್ಯಾರೆ ಬರ್ತಿತ್ತು. ಹೇಳಿದ್ರೂ ಇಳದಾಂವಗ ನಾ ಯಾಕ ಅಳ್ಲಿ?"

ಮೈಕು ಹೇಳಿರಲಿಲ್ಲವೆಂದು ನಾನು ಅಂದೆ. ಅವಳು ನಂಬಲಿಲ್ಲ. ಅವಳ ಸಮಾಧಾನಕ್ಕೆಂದು ನಾನು ಏನೋ ಹೇಳುತ್ತಿದ್ದೇನೆ ಎಂದುಕೊಂಡಳು. "ಹತ್ತು ಮಂದಿ ಹೌದಂತಾರ, ನೀವೊಬ್ರ ಅಲ್ಲಂತೀರಿ" ಎಂದು ಮುಖ ತಿರುಗಿಸಿದಳು.

ಇದನ್ನು ಮಾಸ್ತರರಿಗೆ ಹೇಳಿದೆ. ಅವರು ಸೊಸೈಟಿಯ ಹಿಂದಿನ ತಮ್ಮ ಕೋಣೆಯಲ್ಲಿ ಕೂತಿದ್ದರು. ಅಷ್ಟರಲ್ಲಿ ಅಧ್ಯಕ್ಷರು ಬಂದರು. ಅವರು ಕೆಟ್ಟ ಮನುಷ್ಯರಲ್ಲ. ಹಾಸಿಗೆಯ ತುದಿಗೆ ಕೂತು ಮೆಲ್ಲಗೆ ಹೇಳಿದರು: "ನಾಳಿ ಸಾಹೇಬ್ರು ಬರ್ತಾರ. ನೀವೇನೂ ಹೇಳೂದು ಬ್ಯಾಡ. ಮಂದಿ ಹೇಳಿದ್ದಕ್ಕ ಹೂಂ ಅಂದ್ರ ಸಾಕು. ಹೋದಾಂವ ಹ್ವಾದ, ನಿಮ್ಮ ನೌಕರಿಯರೆ ಉಳೀಲಿ."

ಮರುದಿನ ಸೊಸೈಟಿಯ ಮುಂದೆ ಜನ ಸೇರಿದರು. ತಾಲ್ಲೂಕು ಕಚೇರಿಯ ಸಾಹೇಬರಿಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ನೀಲವ್ವ ಹೆಂಗಸರ ನಡುವೆ ಕಂಬಕ್ಕೆ ಒರಗಿ ನಿಂತಿದ್ದಳು. ಹುಸೇನಸಾಬ ಮೈಗೆ ಕಂಬಳಿ ಸುತ್ತಿಕೊಂಡು ಮೆಟ್ಟಿಲ ಮೇಲಿದ್ದ. ಒಬ್ಬೊಬ್ಬರಾಗಿ ಎದ್ದು ಮೈಕು ಹೇಳಿತ್ತೆಂದರು. ಹುಸೇನಸಾಬ, "ನನಗ ಕೇಳಿಲ್ಲರಿ" ಎಂದ. "ನೀ ನೀರಾಗಿದ್ದಿ, ನಿನಗ ಹ್ಯಾಂಗ ಕೇಳಬೇಕು" ಎಂದು ಯಾರೋ ಅಂದರು, ಅವನ ಮಾತು ಅಲ್ಲಿಗೇ ನಿಂತಿತು. ಸಾಹೇಬರು ಕೊನೆಗೆ ಮಾಸ್ತರರನ್ನು ಕೇಳಿದರು.

"ನೀವು ಹೇಳ್ರಿ. ಮೈಕಿನ್ಯಾಗ ಸುದ್ದಿ ಬಂದಿತ್ತೋ ಇಲ್ಲೋ?"

"ಬಂದಿದ್ದಿಲ್ಲರಿ."

ಗುಜುಗುಜು ಎದ್ದಿತು. ಅಧ್ಯಕ್ಷರು ಅವಸರದಿಂದ ಮುಂದೆ ಬಂದರು. "ಕರೆಂಟ್ ಇದ್ದಿಲ್ಲರಿ ಸಾಹೇಬ್ರ, ಮಧ್ಯಾಹ್ನ ಲೈನ್ ಹೋಗಿತ್ತು. ಅದನ್ನ ಅನ್ನಾಕತ್ತಾರ ಅವ್ರು."

"ಕರೆಂಟ್ ಇತ್ತರಿ" ಎಂದರು ಮಾಸ್ತರರು. ಅವರ ದನಿ ಸಣ್ಣದಿತ್ತು, ಆದರೆ ನಡುಗುತ್ತಿರಲಿಲ್ಲ. "ಕಂಪ್ಯೂಟರ್ ಚಾಲೂ ಇತ್ತು. ಸಿನಿಮಾ ಹಾಡಿನ ನಡಕ ಸುದ್ದಿ ಬಂತು. ಆ ಸಾಲಿಗೆ ಟಿಕ್ ಇದ್ದಿಲ್ಲ. ಟಿಕ್ ಇಲ್ಲಂದ್ರ ರೇಡಿಯೊ ಹತ್ತೂದಿಲ್ಲ. ಅದನ್ನ ಹಂಗ ಮಾಡಿದಾಂವ ನಾನ."

ಸಾಹೇಬರು ಸುತ್ತ ನೋಡಿದರು. ಅಲ್ಲಿದ್ದವರು ಯಾರಾದರೂ ಇದ್ದೀರಾ ಎಂದರು. ನಾನು ಎದ್ದು, ಎಲ್ಲಿ ನಿಂತಿದ್ದೆ, ಏನು ಕಂಡೆ ಎಂಬುದನ್ನು ಮೇಲೆ ಬರೆದ ಹಾಗೇ ಹೇಳಿದೆ. ಅಧ್ಯಕ್ಷರು ನೆಲ ನೋಡಿದರು.

ನೀಲವ್ವ ಕಂಬ ಬಿಟ್ಟು ಮುಂದೆ ಬಂದಳು. ಸಾಹೇಬರ ಕಡೆ ನೋಡಲಿಲ್ಲ.

"ಅಂದ್ರ ಅವಗ ಯಾರೂ ಹೇಳಿದ್ದಿಲ್ಲ?"

"ಇಲ್ಲವ್ವಾ. ಯಾರೂ ಹೇಳಿದ್ದಿಲ್ಲ. ಗೊತ್ತಿದ್ರ ಅವ ಇಳಿಯಾಂವಲ್ಲ. ಊರ ಮಂದೀನ ಕೂಗಿ ಮ್ಯಾಲ ಕರಿಯಾಂವ ಅವ."

"ಅವನ ರೇಡಿಯೊ ನಿಮ್ಮ ಹಂತೇಕ ಇತ್ತಲ್ರಿ."

"ಇತ್ತವ್ವಾ."

"ಅದೂ ಸುಮ್ಮನಿತ್ತು?"

"ಸುಮ್ಮನಿತ್ತು. ನಾನ ಸುಮ್ಮನಿಟ್ಟಿದ್ದೆ."

ಅವಳು ನಿಂತಲ್ಲೇ ಕುಸಿದು ಕೂತಳು. ಗಂಡ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನ ಹೆಸರು ಹಿಡಿದು ಅತ್ತಳು. ಗಂಡಸರು ಒಬ್ಬೊಬ್ಬರಾಗಿ ತಲೆಯ ಮೇಲಿನ ಟೊಪ್ಪಿಗೆ ತೆಗೆದರು. ಮಾಸ್ತರರು ಒಳಗೆ ಹೋಗಿ ತಂತಿ ಬಿಚ್ಚಿ ಟ್ರಾನ್ಸಿಸ್ಟರು ತಂದು ಅವಳ ಮುಂದಿಟ್ಟರು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಅದನ್ನು ಸೆರಗಿನಲ್ಲಿ ಹಿಡಿದುಕೊಂಡಳು. "ನಿಮ್ಮನ್ನ ಏನ್ ಅನ್ನಬೇಕೋ ನನಗ ತಿಳೀವಲ್ದರಿ" ಎಂದಳು. ಮನೆಗೆ ಹೋದಳು.

ಮಾಸ್ತರರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಕೆಲವು ದಿನಗಳ ಮೇಲೆ ಅವರೇ ಬಿಟ್ಟು ಹೋದರು. ಸಾಕ್ಷಿ ನುಡಿದದ್ದಕ್ಕೆ ನನ್ನ ಮೇಲೂ ಕೆಲವರಿಗೆ ಸಿಟ್ಟಿತ್ತು. ದನಗಳಿಗೆ ರೋಗ ಬರುವುದು ನಿಲ್ಲಲಿಲ್ಲವಾದ್ದರಿಂದ ಆ ಸಿಟ್ಟು ಬಹಳ ದಿನ ಉಳಿಯಲಿಲ್ಲ. ದಂಡೆಯ ಜಾಲಿಗಿಡಗಳಲ್ಲಿ ಮತ್ತೆ ರೇಡಿಯೊಗಳು ಕೇಳಿಸತೊಡಗಿದವು.

ಬೆಟಗೇರಿಯಲ್ಲಿ ನೇಕಾರರ ಓಣಿಯ ತುದಿಗೆ ಅವರು ಒಂದು ಸಣ್ಣ ಅಂಗಡಿ ಹಾಕಿದರು. ಲಗ್ನಪತ್ರಿಕೆ, ರಬ್ಬರ್ ಶಿಕ್ಕೆ, ಅರ್ಜಿ ಟೈಪು. ಗದಗಿಗೆ ಹೋದಾಗಲೆಲ್ಲ ನಾನು ಅಲ್ಲಿ ಕೂತು ಬರುತ್ತಿದ್ದೆ. ಹೊರಗೆ ಮಗ್ಗದ ಸಪ್ಪಳ, ಒಳಗೆ ಸಣ್ಣ ದನಿಯಲ್ಲಿ ರೇಡಿಯೊ. ಅಂಗಡಿ ತೆರೆದಾಗ ಹಚ್ಚಿದ್ದು ಮುಚ್ಚುವ ತನಕ ಆರುತ್ತಿರಲಿಲ್ಲ. ನಾವು ಮಾತಾಡುತ್ತಿರುವಾಗ ಹಾಡು ನಿಂತರೆ ಅವರ ಮಾತೂ ನಿಲ್ಲುತ್ತಿತ್ತು. ಮುಖದ ಬಣ್ಣ ಹೋಗುತ್ತಿತ್ತು. ಸಾಬೂನಿನ ಜಾಹೀರಾತು ಎಂದು ತಿಳಿದ ಮೇಲೆ ಬಿಟ್ಟ ಮಾತಿನಿಂದ ಮುಂದುವರಿಸುವರು. ಅವರ ಹೆಂಡತಿ ಒಮ್ಮೆ ನನಗೆ ದೂರಿದರು: "ಊಟದಾಗೂ ಕಿವಿ ಅಲ್ಲೇ ಡಾಕ್ಟರ್ರ. ನಾ ಉಪ್ಪು ಹೆಚ್ಚಾತೇನ್ರಿ ಅಂದ್ರ, ತಡಿ, ಸುದ್ದಿ ಬರಾಕತ್ತೈತಿ ಅಂತಾರ." ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದರು, ನಗು ಬರಲಿಲ್ಲ.

ಸರದಿಯನ್ನು ಅವರು ಬಿಟ್ಟಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ತೆರೆದು ತಿದ್ದುವರು. ಮಾತು-ಹಾಡು ಬೇರೆ ಮಾಡುವುದನ್ನು ಯಂತ್ರ ಎಷ್ಟೋ ಮಟ್ಟಿಗೆ ಕಲಿತಿತ್ತು. ಶಿರಹಟ್ಟಿಯ ಕಡೆಯ ಯಾರೋ ತಮ್ಮ ಊರಿಗೂ ಹಾಕಿಕೊಡಿ ಎಂದು ಕೇಳಲು ಬಂದರೆ, ಇನ್ನೂ ಮುಗಿದಿಲ್ಲವೆಂದು ಕಳಿಸಿದರು. ಯಾಕೆಂದು ಕೇಳಿದೆ.

"ಏನು ಬೇಕಂತ ನಾವು ಅದಕ್ಕ ಹೇಳಬೇಕು ಡಾಕ್ಟರ್ರ. ನಾಳಿ ನಮಗ ಏನು ಬೇಕಾಗತೈತಿ ಅಂತ ನಮಗ ಎಲ್ಲ್ಯದ ಗೊತ್ತಿರತೈತಿ?" ಎಂದರು. ರೇಡಿಯೊದ ದನಿ ತುಸು ಏರಿಸಿ, "ಕಾಯೂದು ತಪ್ಪಸಾಕ ಹೋದೆ ನಾ" ಎಂದರು.

ವರ್ಷಗಳ ಮೇಲೆ ಒಂದು ದಿನ ನೀಲವ್ವ ಆ ಅಂಗಡಿಗೆ ಬಂದಳು. ನಾನಿರಲಿಲ್ಲ, ಮಾಸ್ತರರು ಹೇಳಿದ್ದು. ಮಗಳ ಲಗ್ನಪತ್ರಿಕೆ ಮಾಡಿಸಬೇಕಿತ್ತು. ಮುಂಡರಗಿಯಲ್ಲೇ ಆಗುತ್ತಿತ್ತಲ್ಲ ಎಂದರೆ, "ಇಲ್ಲೇ ಆಗಬೇಕ್ರಿ" ಎಂದಳಂತೆ. ತಂದೆಯ ಹೆಸರಿನ ಮುಂದೆ ದಿವಂಗತ ಎಂದು ಹಾಕಿ ಅವರು ಪರದೆಯಲ್ಲಿ ತೋರಿಸಿದರು. ಅವಳಿಗೆ ಓದು ಬರುವುದಿಲ್ಲ. ಯಾವುದು ಅವನ ಹೆಸರು ಎಂದು ಕೇಳಿ, ಬೆರಳಿಟ್ಟು ನೋಡಿ, "ಇದನ್ನ ಒಂದೀಟು ದಪ್ಪ ಮಾಡ್ರಿ" ಎಂದಳಂತೆ. ಅವರು ಮಾಡಿದರು.

ಮಾಸ್ತರರ ಬಗ್ಗೆ ನನಗೆ ಗೊತ್ತಿರುವುದು ಇಷ್ಟು. ಅವರದು ತಪ್ಪು ಎಷ್ಟು, ಊರಿನದು ಎಷ್ಟು ಎಂದು ತೂಗಲು ನನಗೆ ಬರುವುದಿಲ್ಲ. ಆದರೆ ಮೈಕು ಹೇಳಿತ್ತು ಎನ್ನುವವರು ಫಕ್ಕೀರಪ್ಪನನ್ನು ಮತ್ತೊಮ್ಮೆ ಹೊಳೆಗೆ ಇಳಿಸುತ್ತಾರೆ. ಕರೆಂಟ್ ಇರಲಿಲ್ಲ ಎನ್ನುವವರು, ಅಂದು ಅಷ್ಟು ಜನರ ನಡುವೆ ಒಬ್ಬ ಮನುಷ್ಯ ಆಡಿದ ಮಾತನ್ನು ಅವರ ಬಾಯಿಂದ ಕಸಿಯುತ್ತಾರೆ.

ಆ ದಿನ ಸೊಸೈಟಿಯ ಮುಂದೆ ಇದ್ದವರಲ್ಲಿ ಬಹಳ ಮಂದಿ ಈಗಿಲ್ಲ. ಹುಸೇನಸಾಬ ಇದ್ದಾನೆ, ಮುಂಡರಗಿಯಲ್ಲಿ ಮಗನ ಮನೆಯಲ್ಲಿರುತ್ತಾನೆ, ಎದೆಬೇನೆ ಇದೆ, ಮಾತು ಸ್ಪಷ್ಟವಿದೆ. ನೀಲವ್ವ ಇದ್ದಾಳೆ, ಅದೇ ಊರಲ್ಲಿ, ಅದೇ ಮನೆಯಲ್ಲಿ. ಅಂದಿನ ಅಧ್ಯಕ್ಷರೂ ಇದ್ದಾರೆ. ಅವರು ಬೇರೆ ರೀತಿ ಹೇಳಬಹುದು. ಆದರೂ ಅವರನ್ನೂ ಕೇಳಿ.